ಉಡುಪಿಗೂ ಹಾಸನಕ್ಕೂ ಒಂದೇ ಬಣ್ಣವೇ?

ಪ್ರಶ್ನೆ: ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ನೆಚ್ಚರಿಕೆಯ ನಕ್ಷೆಯನ್ನು ಶಾಲೆಯ ಗೋಡೆಗೆ ಬರೆದು ಹಾಕುತ್ತೇನೆ. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ಅವರ ಬಣ್ಣಗಳನ್ನೇ ತುಂಬುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಸರ್, ಉಡುಪಿಗೂ ಹಾಸನಕ್ಕೂ ಒಂದೇ ಬಣ್ಣ ಅಲ್ವಾ?’ ಎಂದ. ಉಡುಪಿ ಕಿತ್ತಳೆ, ಹಾಸನ ಹಸಿರು. ಬಣ್ಣವನ್ನೇ ಬಿಟ್ಟುಬಿಡಲೇ?
– ಪ್ರೌಢಶಾಲಾ ಶಿಕ್ಷಕರು, ಸಾಗರ ತಾಲ್ಲೂಕು

ಉತ್ತರ: ಬಿಡಬೇಡಿ ಮೇಷ್ಟ್ರೇ. ಆ ಹುಡುಗನಿಗೆ ಕೆಂಪು-ಹಸಿರು ಬಣ್ಣಗಳನ್ನು ಬೇರ್ಪಡಿಸಿ ನೋಡಲು ಕಷ್ಟವಾಗುವ ವರ್ಣಾಂಧತೆ ಇರಬಹುದು. ಟಿ.ವಿ.ಯಲ್ಲೂ ಪತ್ರಿಕೆಯಲ್ಲೂ ಬರುವುದು ಅದೇ ನಾಲ್ಕು ಬಣ್ಣ, ಮಕ್ಕಳಿಗೆ ಅದರ ಗುರುತು ಇರಲೇಬೇಕು. ಆದರೆ ಬಣ್ಣವೊಂದನ್ನೇ ನಂಬಬೇಡಿ. ಉಡುಪಿಯ ಮೇಲೆಯೇ ‘ಆರೆಂಜ್’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಮೂಲೆಯಲ್ಲಿ ಪುಟ್ಟ ಚೌಕಗಳ ಸೂಚಿ ಇಟ್ಟರೆ ಸಾಲದು, ಆ ಹುಡುಗ ಚೌಕಕ್ಕೂ ಜಿಲ್ಲೆಗೂ ತಾಳೆ ಹಾಕಲಾರ. ಕಾಲುಸಂಕ ದಾಟಿ ಶಾಲೆಗೆ ಬರುವ ಮಕ್ಕಳಿರುವ ನಿಮ್ಮ ಕಡೆ ಇದು ಸಣ್ಣ ಮಾತಲ್ಲ.

ಈ ಕೆಂಪು-ಹಸಿರು ಗೊಂದಲ ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥದ್ದು. ಅದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಹಾಗಾಗಿ ಹುಡುಗರಲ್ಲೇ ಹೆಚ್ಚು. ಅವನ ಮನೆಯವರಿಗೆ ತಿಳಿಸಿ, ಕಣ್ಣಿನ ವೈದ್ಯರು ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಚಿತ್ರಗಳನ್ನು ತೋರಿಸಿ ನೋಡುತ್ತಾರೆ. ತರಗತಿಯ ಎದುರು ಮಾತ್ರ ‘ಇದು ಯಾವ ಬಣ್ಣ ಹೇಳು’ ಎಂದು ಯಾರೂ ಅವನನ್ನು ಕೇಳದಂತೆ ದಯವಿಟ್ಟು ನೋಡಿಕೊಳ್ಳಿ.

ಇನ್ನು ಬಣ್ಣದ ತೂಕ. ಹಳದಿ ತೆಳುವಾಗಿರಲಿ, ಕಿತ್ತಳೆ ನಡುವಿನದು, ಕೆಂಪು ಗಾಢ. ಎಚ್ಚರಿಕೆಯೇ ಇಲ್ಲದ ಹಸಿರು ಜಿಲ್ಲೆಗಳಿಗೆ ಒಳಗೆ ತುಂಬದೆ ಹಸಿರು ಗೆರೆಯ ಅಂಚು ಸಾಕು. ಕೆಂಪಿನ ಮೇಲೆ ಕಪ್ಪು ಪೆನ್ನಿನಲ್ಲಿ ಓರೆಗೆರೆ ಎಳೆದರೆ ಇನ್ನೂ ಒಳ್ಳೆಯದು. ಮುಗಿದ ಮೇಲೆ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಅವನಿಗೆ ಕಾಣುವುದು ಹಾಗೆಯೇ ಅಂತಲ್ಲ, ಆದರೆ ಎರಡು ಬಣ್ಣ ಒಂದೇ ಬೂದು ಬಣ್ಣವಾಗಿ ಕಂಡರೆ ಅಲ್ಲಿ ತೊಡಕಿದೆ ಎಂದು ಗೊತ್ತಾಗುತ್ತದೆ.

ಸುರಿದ ಮಳೆಯ ಪ್ರಮಾಣ ತೋರಿಸುವ ನಕ್ಷೆಗೆ ನೀಲಿಯೊಂದೇ ಸಾಕು: ಆಗುಂಬೆ ಗಾಢ, ಚಳ್ಳಕೆರೆ ತಿಳಿ. ಬೇರೆ ಬೇರೆ ಬಣ್ಣ ಬೇಕೇಬೇಕಾದಾಗ ನಾನು ಜಪಾನಿನ ಒಕಾಬೆ ಮತ್ತು ಇಟೊ ಎಂಬ ವಿಜ್ಞಾನಿಗಳು ವರ್ಣಾಂಧತೆ ಇರುವವರಿಗೂ ಬೇರೆ ಬೇರೆಯಾಗಿ ಕಾಣುವಂತೆ ಆರಿಸಿಕೊಟ್ಟ ಎಂಟು ಬಣ್ಣಗಳಿಗೇ ಹೋಗುತ್ತೇನೆ. ಅದರಲ್ಲಿ ನೀಲಿ-ಕಿತ್ತಳೆ ಜೋಡಿ ನಿಮ್ಮ ಸ್ಕೆಚ್ ಪೆನ್ ಡಬ್ಬಿಯಲ್ಲೇ ಸಿಗುತ್ತದೆ. ಜಲಾಶಯಗಳ ಮಟ್ಟದ ಗ್ರಾಫ್ ಬರೆದರೆ ಲಿಂಗನಮಕ್ಕಿಗೆ ಇಡೀ ಗೆರೆ, ಆಲಮಟ್ಟಿಗೆ ತುಂಡುಗೆರೆ ಎಳೆದು, ಗೆರೆ ಮುಗಿಯುವಲ್ಲೇ ಹೆಸರು ಬರೆಯಿರಿ.