ಓದುಗರ ಪ್ರಶ್ನೆ: ಯಾವ ಕಂಪನಿದೂ ಅಲ್ಲದ ಲಿನಕ್ಸ್ ಸರ್ಟಿಫಿಕೇಟು ಕೆಲ್ಸಕ್ಕೆ ಬರತ್ತಾ?

ಪ್ರಶ್ನೆ: ಬಿಸಿಎ ಮುಗ್ಸಿದೀನಿ, ಸಿಸ್ಟಂ ಅಡ್ಮಿನ್ ಆಗ್ಬೇಕು ಅಂತ ಆಸೆ. ಕೋಚಿಂಗ್ ಸೆಂಟರ್‌ನೋರು ರೆಡ್‌ಹ್ಯಾಟ್ ಮಾಡಿ ಸಾಕು ಅಂತಾರೆ, ನಮ್ಮ ಸೀನಿಯರ್ ಒಬ್ರು ಎಲ್‌ಪಿಐ ಮಾಡು ಅಂತಾರೆ. ಎರಡಕ್ಕೂ ಕಟ್ಟೋಷ್ಟು ದುಡ್ಡಿಲ್ಲ. ಯಾವ್ದು ಹಿಡೀಲಿ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ರೆಡ್‌ಹ್ಯಾಟ್ ಅಂದ್ರೆ ತಮ್ಮದೇ ಲಿನಕ್ಸ್ ಮಾರೋ ಕಂಪನಿ, ಅವ್ರ ಅಡ್ಮಿನ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ ಒಳ್ಳೇದೇ, ಮಶೀನ್ ಮುಂದೆ ಕೂರಿಸಿ ಕೆಲ್ಸ ಮಾಡಿಸ್ತಾರೆ, ಆದ್ರೆ ಮಶೀನಲ್ಲಿರೋದು ಅವ್ರದೇ ಲಿನಕ್ಸು. ಎಲ್‌ಪಿಐ ಅಂದ್ರೆ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್, 1999ರಲ್ಲಿ ಕೆನಡಾದಲ್ಲಿ ಶುರುವಾದ ಲಾಭಕ್ಕಲ್ಲದ ಸಂಸ್ಥೆ, ಮಾರೋಕೆ ಅಂತ ಅವ್ರದ್ದೊಂದು ಲಿನಕ್ಸ್ ಇಲ್ಲ. ಹಾಗಾಗಿ ಅವ್ರ ಅಡ್ಮಿನ್ ಪರೀಕ್ಷೆ ಎಲ್‌ಪಿಐಸಿ-1ರ ಪಠ್ಯಪಟ್ಟಿ ನೋಡಿದ್ರೆ, ಡೆಬಿಯನ್ ಅನ್ನೋ ಲಿನಕ್ಸಲ್ಲಿ ಪ್ಯಾಕೇಜ್ ನಿರ್ವಹಣೆಗೆ (ಅಂದ್ರೆ ಸಾಫ್ಟ್‌ವೇರ್ ಹಾಕೋದು, ತೆಗೆಯೋದು) ತೂಕ 3, ರೆಡ್‌ಹ್ಯಾಟ್ ಬಳಗದ ಆರ್‌ಪಿಎಂ ಕಡೆಗೂ ತೂಕ 3. ತೂಕ ಅಂದ್ರೆ ಆ ವಿಷ್ಯದಿಂದ ಹೆಚ್ಚುಕಮ್ಮಿ ಅಷ್ಟು ಪ್ರಶ್ನೆ ಬರತ್ತೆ ಅಂತ.

ಇದ್ರಿಂದ ಏನು ಉಪಯೋಗ ಅಂತೀರಾ, ರೆಡ್‌ಹ್ಯಾಟ್ ಲಿನಕ್ಸಿನ ಪುಕ್ಕಟೆ ರೂಪ ಆಗಿದ್ದ ಸೆಂಟ್‌ಓಎಸ್ ಕಥೆ ನೋಡಿ. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗತ್ತೆ ಅಂತ ನಂಬ್ಕೊಂಡು ಎಷ್ಟೋ ಕಡೆ ಸರ್ವರ್ ಹಾಕಿದ್ರು, 2020ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂಗೆ ಇಲ್ಲ 2021ರ ಕೊನೆಗೇ ನಿಲ್ಸ್ತೀವಿ ಅಂತ ಸುದ್ದಿ ಬಂತು, ಆಮೇಲೆ ಕೆಲವ್ರು ಅದೇ ಥರದ ಆಲ್ಮಾ, ಕೆಲವ್ರು ರಾಕಿ, ಇನ್ನು ಕೆಲವ್ರು ಡೆಬಿಯನ್ ಬಳಗದ ಉಬುಂಟುಗೇ ಹೋದ್ರು. ಆವಾಗ ಉಬುಂಟುಗೆ ಹೋದ ಕಡೆ, ಆರ್‌ಪಿಎಂ ಕಡೆಯ ಯಮ್ ಕಮಾಂಡ್ ಬಿಟ್ಟು ಬೇರೇನೂ ಗೊತ್ತಿಲ್ಲದೋರಿಗೆ ನಿಜವಾಗ್ಲೂ ಕಷ್ಟ ಆಯ್ತು, ಎರಡೂ ಕಡೆ ಕೈ ಆಡ್ಸಿದೋರಿಗೆ ಅದು ಬರೀ ಒಂದಷ್ಟು ಕೆಲ್ಸ ಅಷ್ಟೆ.

ನಿಮಗೆ ನಾನು ಹೇಳೋದು, ಈಗ್ಲೇ ಯಾವ ಪರೀಕ್ಷೆಗೂ ದುಡ್ಡು ಕಟ್ಬೇಡಿ. ಎಲ್‌ಪಿಐಸಿ-1ರ ಪೂರ್ತಿ ಪಟ್ಟಿ, ಯಾವ ಕಮಾಂಡ್, ಯಾವ ಫೈಲ್, ಯಾವ ಕೌಶಲ್ಯ ಅಂತ ಸಾಲುಸಾಲಾಗಿ, ಅವ್ರ ಸೈಟಲ್ಲೇ ಪುಕ್ಕಟೆ ಸಿಗತ್ತೆ. ನನ್ನ ಪ್ರಕಾರ ಸರ್ಟಿಫಿಕೇಟ್‌ಗಿಂತ ಬೆಲೆಬಾಳೋದು ಈ ಪಟ್ಟೀನೇ. ಮನೇಲಿರೋ ಲ್ಯಾಪ್‌ಟಾಪಲ್ಲಿ ಎರಡು ವರ್ಚುವಲ್ ಮಶೀನ್ ಮಾಡ್ಕೊಳಿ, ಒಂದ್ರಲ್ಲಿ ಡೆಬಿಯನ್ ಇನ್ನೊಂದ್ರಲ್ಲಿ ಆಲ್ಮಾ, ಪಟ್ಟಿಯ ಒಂದೊಂದು ಸಾಲನ್ನೂ ಎರಡ್ರಲ್ಲೂ ಮಾಡಿ ನೋಡಿ. ಪೂರ್ತಿ ಆದ್ಮೇಲೆ ನೀವು ಅರ್ಜಿ ಹಾಕ್ಬೇಕಂತಿರೋ ಕಂಪನಿಗಳ ಜಾಹೀರಾತಲ್ಲಿ ಯಾವ ಹೆಸರು ಹೆಚ್ಚು ಕಾಣತ್ತೋ ಆ ಪರೀಕ್ಷೆಗೆ ಕಟ್ಟಿ. ರೆಡ್‌ಹ್ಯಾಟ್ ಅಂತಿದ್ರೆ ರೆಡ್‌ಹ್ಯಾಟೇ ಬರೀರಿ, ಕಲಿತಿದ್ದು ಎಲ್ಲೂ ಹೋಗಲ್ಲ.

ಪ್ರಶ್ನೆ: ನಮ್ಮದು ಸಣ್ಣ ಕಂಪನಿ, ಅಡ್ಮಿನ್ ಹುಡುಗ್ರನ್ನ ತಗೊಳೋ ಜವಾಬ್ದಾರಿ ನಂದು. ಸರ್ಟಿಫಿಕೇಟ್ ಇದೆ ಅಂತ ಬರ್ತಾರೆ, ಸರ್ವರ್ ಮುಂದೆ ಕೂರ್ಸಿದ್ರೆ ಕೈ ನಡುಗತ್ತೆ. ಟಿಕ್ ಹಾಕೋ ಪರೀಕ್ಷೆನ ನಂಬೋದು ಹೆಂಗೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಪೂರ್ತಿ ನಂಬ್ಬೇಡಿ. ಎಲ್‌ಪಿಐಸಿ-1ಕ್ಕೆ ಎರಡು ಪೇಪರ್, 101 ಮತ್ತು 102, ಒಂದೊಂದರಲ್ಲೂ 90 ನಿಮಿಷಕ್ಕೆ 60 ಪ್ರಶ್ನೆ. ಕೆಲವಕ್ಕೆ ಕಮಾಂಡನ್ನ ನಾವೇ ಟೈಪ್ ಮಾಡ್ಬೇಕು, ಉಳಿದಿದ್ದೆಲ್ಲ ಆಯ್ಕೆ ಮಾಡೋದೇ. ಕದ್ದ ಪ್ರಶ್ನೆ ಮಾರೋ ಡಂಪ್ ಸೈಟ್‌ಗಳು ಇರೋದ್ರಿಂದ ಬಾಯಿಪಾಠ ಮಾಡಿ ಪಾಸಾಗೋರು ಇದ್ದೇ ಇರ್ತಾರೆ, ಇದು ನಿಯತ್ತಾಗಿ ಓದಿದ ಹುಡುಗ್ರಿಗೆ ಆಗೋ ದೊಡ್ಡ ಅನ್ಯಾಯ. ಲಿನಕ್ಸ್ ಫೌಂಡೇಶನ್‌ನೋರು 2014ರಲ್ಲಿ ತಂದ ಎಲ್‌ಎಫ್‌ಸಿಎಸ್ ಬೇರೆ ಥರ, ಎರಡು ಗಂಟೆ ನೇರ ಟರ್ಮಿನಲ್ ಮೇಲೆ ಕೆಲ್ಸ ಮಾಡ್ಬೇಕು.

ಆದ್ರೂ ನಿಮ್ಮ ಪರೀಕ್ಷೆ ನೀವೇ ಇಡಿ, ಎಲ್‌ಪಿಐಸಿ-1ರ ಪಠ್ಯಪಟ್ಟಿಯಿಂದ. ಅದ್ರ 104.2ನೇ ವಿಷ್ಯದಲ್ಲಿ ಖಾಲಿ ಜಾಗ ಮತ್ತು ಐನೋಡ್ (ಒಂದೊಂದು ಫೈಲಿನ ವಿವರ ಇಡೋ ದಾಖಲೆ) ಮೇಲೆ ಕಣ್ಣಿಡೋದು ಅಂತ ಒಂದು ಸಾಲಿದೆ, ಅದನ್ನೇ ಹಿಡೀರಿ. ಒಂದು ಮಶೀನಲ್ಲಿ ನೂರು ಎಂಬಿ ಫೈಲ್ ಮಾಡಿ ಅದಕ್ಕೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಹಾಕಿ ಡಿಸ್ಕ್ ಥರ ಮೌಂಟ್ ಮಾಡಿ, ಒಳಗೆ ಖಾಲಿ ಫೈಲ್‌ಗಳನ್ನ ಸೃಷ್ಟಿ ಮಾಡ್ತಾ ಹೋಗಿ, 25 ಸಾವಿರದ ಆಸುಪಾಸಲ್ಲಿ ಜಾಗ ಇಲ್ಲ ಅಂತ ಎರರ್ ಬರತ್ತೆ. ಈಗ ಅಭ್ಯರ್ಥಿನ ಕೂರ್ಸಿ. ಡಂಪ್ ಓದಿದೋರು ಖಾಲಿ ಜಾಗ ತೋರ್ಸೋ ಡಿಎಫ್ ಕಮಾಂಡ್ ಹಾಕ್ತಾರೆ, ಡಿಸ್ಕ್ ಮುಕ್ಕಾಲುಪಾಲು ಖಾಲಿ ಅಂತ ತೋರ್ಸತ್ತೆ, ಅಲ್ಲಿಗೆ ಅವ್ರ ಗಾಡಿ ನಿಲ್ಲತ್ತೆ, ಇಲ್ಲಾ ದೊಡ್ಡ ಫೈಲ್ ಹುಡುಕಿ ಅಳಿಸೋಕೆ ಹೊರಡ್ತಾರೆ. ಗೊತ್ತಿರೋರು ಡಿಎಫ್‌ಗೆ ಮೈನಸ್ ಐ ಸೇರ್ಸಿ ಐನೋಡ್ ನೂರಕ್ಕೆ ನೂರು ತುಂಬಿರೋದು ನೋಡ್ತಾರೆ. ಫೈಲ್ ಎಷ್ಟೇ ಚಿಕ್ಕದಿರ್ಲಿ ಒಂದು ಐನೋಡ್ ತಿನ್ನತ್ತೆ, ಇಎಕ್ಸ್‌ಟಿ4ರಲ್ಲಿ ಆ ಸಂಖ್ಯೆ ಫೈಲ್‌ಸಿಸ್ಟಂ ಮಾಡೋವಾಗ್ಲೇ ಗೊತ್ತಾಗೋಗಿರತ್ತೆ. ನಿಜವಾದ ಸರ್ವರಲ್ಲಿ ಹಿಂಗಾಗೋದು ಹಳೇ ಸೆಶನ್ ಫೈಲೋ ಕಳ್ಸಕ್ಕಾಗದ ಇ-ಮೇಲೋ ಲಕ್ಷಗಟ್ಲೆ ಸೇರ್ಕೊಂಡಾಗ. ಅಳಿಸಿದ ಮೇಲೆ "ಇದು ಯಾಕೆ ಸೇರ್ತಿತ್ತು, ಹೊತ್ತಿಗೆ ಸರಿಯಾಗಿ ಅಳಿಸ್ಬೇಕಿದ್ದ ಕ್ರಾನ್ ಓಡ್ತಿಲ್ವಾ" ಅಂತ ಹುಡುಗ ಕೇಳಿದ್ರೆ ಆವತ್ತೇ ಆಫರ್ ಲೆಟರ್ ಕೊಡಿ, ಸರ್ಟಿಫಿಕೇಟ್ ಇಲ್ದಿದ್ರೂ ಪರ್ವಾಗಿಲ್ಲ.

ಪ್ರಶ್ನೆ: ಅಡ್ಮಿನ್‌ಗೆ ಇಷ್ಟು ಗೊತ್ತಿರ್ಬೇಕು ಅಂತ ತೀರ್ಮಾನ ಮಾಡೋರು ಯಾರು? ನಮ್ಮ ದೇಶದ್ದು ಅಂತ ಮಾನದಂಡ ಇಲ್ವಾ?
– ಒಬ್ಬ ಉಪನ್ಯಾಸಕಿ, ತುಮಕೂರು

ಉತ್ತರ: ಎಲ್‌ಪಿಐನಲ್ಲಿ ಕೆಲ್ಸದಲ್ಲಿರೋ ಅಡ್ಮಿನ್‌ಗಳನ್ನೇ ಕೇಳ್ತಾರೆ, ಈ ಕೆಲ್ಸ ಎಷ್ಟು ಸಲ ಮಾಡ್ತೀರಿ, ತಪ್ಪಿದ್ರೆ ಎಷ್ಟು ನಷ್ಟ ಅಂತೆಲ್ಲ, ತೂಕ ಬರೋದು ಅಲ್ಲಿಂದ. ನಮ್ಮಲ್ಲಿ 2013ರ ಡಿಸೆಂಬರ್‌ನಲ್ಲಿ ಎನ್‌ಎಸ್‌ಕ್ಯೂಎಫ್ ಅಂತ ಕೌಶಲ್ಯಗಳಿಗೆ ರಾಷ್ಟ್ರೀಯ ಚೌಕಟ್ಟು ಬಂತು, ಐಟಿ ಕೆಲ್ಸಗಳಿಗೆ ಐಟಿ ಕಂಪನಿಗಳ ಸಂಘ ನಾಸ್ಕಾಮ್‌ನ ಕೌಶಲ ಮಂಡಳಿ ಮಾನದಂಡ ಬರೆಯತ್ತೆ. ಅದೂ ಯಾವ ಕಂಪನಿ ಪರವೂ ಅಲ್ಲ. ನನಗೆ ಅದ್ರಲ್ಲಿ ಹಿಡಿಸಿದ್ದು, ಟೀಮ್ ಜತೆ ಹೊಂದ್ಕೊಂಡು ಕೆಲ್ಸ ಮಾಡೋದನ್ನೂ ಕೌಶಲ್ಯ ಅಂತ ಬರೆದಿರೋದು. ಆದ್ರೆ ಕಮಾಂಡ್ ಮಟ್ಟದ ವಿವರ ಬೇಕಂದ್ರೆ ಎಲ್‌ಪಿಐ ಪಟ್ಟೀನೇ ಕ್ಲಾಸಿಗೆ ಅನುಕೂಲ. ಲ್ಯಾಬ್ ಮ್ಯಾನ್ಯುಯಲ್ಲನ್ನ ಅದ್ರ ಮೇಲೇ ಕಟ್ಬಹುದು ಮೇಡಂ, ದಯವಿಟ್ಟು ಮಾಡಿ, ನಮ್ಮ ಎಷ್ಟೋ ಕಾಲೇಜಲ್ಲಿ ಲಿನಕ್ಸ್ ಲ್ಯಾಬ್ ಅಂದ್ರೆ ಇನ್ನೂ ಎಲ್‌ಎಸ್, ಕ್ಯಾಟ್, ಕ್ಯಾಲ್‌ನಲ್ಲೇ ಮುಗ್ದೋಗತ್ತೆ.

ಪ್ರಶ್ನೆ: ಒಂದ್ಸಲ ಪಾಸಾದ್ರೆ ಜೀವನಪೂರ್ತಿ ನಡಿಯತ್ತಾ? ಕನ್ನಡದಲ್ಲಿ ಬರೀಬಹುದಾ?
– ಓದುಗರು, ಕಲಬುರಗಿ

ಉತ್ತರ: ಎಲ್‌ಪಿಐಸಿ-1ಕ್ಕೆ ಐದು ವರ್ಷ, ಕಾಂಪ್‌ಟಿಯಾ ಅನ್ನೋ ಸಂಸ್ಥೆಯ ಲಿನಕ್ಸ್ ಪ್ಲಸ್ ಪರೀಕ್ಷೆಗೆ ಮೂರು, ಎಲ್‌ಎಫ್‌ಸಿಎಸ್‌ಗೆ ಈಗ ಎರಡೇ. ಎಲ್‌ಪಿಐನ ಮೊದಲ ಮೆಟ್ಟಿಲು ಲಿನಕ್ಸ್ ಎಸೆನ್ಷಿಯಲ್ಸ್‌ಗೆ ಮಾತ್ರ ಅವಧಿ ಇಲ್ಲ, ಗಂಟೆಗೆ 40 ಪ್ರಶ್ನೆ, ಹೊಸಬ್ರು ಅದ್ರಿಂದ ಶುರು ಮಾಡ್ಬಹುದು. ಕನ್ನಡದಲ್ಲಿ ಪರೀಕ್ಷೆ ಇಲ್ಲ. ಆದ್ರೆ ಪ್ರಶ್ನೆಯಲ್ಲಿರೋ ಇಂಗ್ಲಿಷ್ ಚಿಕ್ಕಚಿಕ್ಕ ವಾಕ್ಯದ್ದು, ದಿನಾ ಒಂದು ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ ಪುಟ) ಓದಿ ಅದ್ರಲ್ಲಿರೋದನ್ನ ಕನ್ನಡದಲ್ಲೇ ನೋಟ್ಸ್ ಬರ್ಕೊಳಿ, ಸ್ವಲ್ಪ ದಿನದಲ್ಲಿ ರೂಢಿ ಆಗತ್ತೆ. ಆ ನೋಟ್ಸ್ ನಮಗೂ ಕಳ್ಸಿ, ಚೆನ್ನಾಗಿದ್ರೆ ಇದೇ ಅಂಕಣದಲ್ಲಿ ಹಾಕೋಣ.