ಮಗಳು ಸೆಟ್ಟಿಂಗ್ ಕಲಿಯಲಿ

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಲೆಕ್ಕದಲ್ಲಿ ಚುರುಕು. ಐಟಿಐ ಮಾಡಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ ಕಲಿಯುತ್ತೇನೆ ಅನ್ನುತ್ತಾಳೆ. ಮನೆಯವರು ‘ಅದು ಭಾರ ಎತ್ತುವ ಗಂಡಸರ ಕೆಲಸ’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಖಂಡಿತ ಸೇರಿಸಿ. ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಸಿಎನ್‌ಸಿ ಲೇತ್‌ನ ಎಷ್ಟೋ ಜಾಬ್‌ಗಳು (ಕೊರೆಯಬೇಕಾದ ತುಂಡುಗಳು) ಒಂದೇ ಕೈಯಲ್ಲಿ ಹಿಡಿಯುವಷ್ಟಿರುತ್ತವೆ. ದೊಡ್ಡದನ್ನು ಎತ್ತಲು ಹಾಯ್ಸ್ಟ್ (ಭಾರ ಎತ್ತುವ ಯಂತ್ರ) ಇರಬೇಕು. ಅದಿಲ್ಲದ ಕಡೆ ಗಂಡಸರ ಸೊಂಟವೂ ಹಾಳಾಗುತ್ತದೆ. ಐಟಿಐಯಲ್ಲಿ ಟರ್ನರ್, ಮೆಷಿನಿಸ್ಟ್, ಟೂಲ್ ಅಂಡ್ ಡೈ ಮೇಕರ್ ಎಲ್ಲವೂ 2 ವರ್ಷದ ಟ್ರೇಡ್‌ಗಳು. ಇನ್ನಷ್ಟು ಓದಿಸುವ ಅನುಕೂಲವಿದ್ದರೆ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ನೋಡಿ. ಎಸ್ಸೆಸ್ಸೆಲ್ಸಿ ಆದ ಮೇಲೆ 3 ವರ್ಷ ಓದು, 1 ವರ್ಷ ಕಾರ್ಖಾನೆಯಲ್ಲಿ ತರಬೇತಿ.

ಎಚ್ಚರ ಬೇಕಾದದ್ದು ಕೆಲಸಕ್ಕೆ ಸೇರಿದ ಮೇಲೆ. ‘ಹುಡುಗಿಯರ ಕೈ ನಾಜೂಕು’ ಎಂದು ಇನ್‌ಸ್ಪೆಕ್ಷನ್ ಟೇಬಲ್ಲಿಗೋ ಪ್ಯಾಕಿಂಗಿಗೋ ಕೂರಿಸಿಬಿಡುತ್ತಾರೆ. ಮೂರು ತಿಂಗಳು ಅಲ್ಲಿದ್ದರೆ ಒಳ್ಳೆಯದೇ, ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಕೈಗೆ ಹತ್ತುತ್ತದೆ. ಎರಡು ವರ್ಷ ಉಳಿದರೆ ಕಲಿತ ಟ್ರೇಡ್ ಮರೆತೇಹೋಗುತ್ತದೆ. ಮೆಷಿನ್‌ಗೆ ಹಾಕಿದರೂ ಜಾಬ್ ಕಚ್ಚಿಸಿ, ಬಟನ್ ಒತ್ತಿ, ತೆಗೆಯುವುದಷ್ಟೇ ಆದರೆ ಆಪರೇಟರ್ ಆಗಿಯೇ ಉಳಿಯುತ್ತಾಳೆ. ಸಂಬಳ ಏರುವುದು ಸೆಟ್ಟರ್‌ಗೆ, ಅಂದರೆ ಮೆಷಿನ್‌ಗೆ ಟೂಲ್, ಅಳತೆ ಹೊಂದಿಸಿಕೊಡುವವರಿಗೆ.

ಸೆಟ್ಟರ್‌ಗೆ ಗೊತ್ತಿರಬೇಕಾದ ಒಂದು ಸಂಗತಿ ಹೇಳುತ್ತೇವೆ. 25 ಮಿ.ಮೀ. ಶಾಫ್ಟ್ (ದುಂಡನೆಯ ದಂಡ), ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆಯಾಗಬಹುದಾದ ಮಿತಿ) 0.02. ಮಧ್ಯಾಹ್ನದ ಹೊತ್ತಿಗೆ ಅಳತೆ 25.04 ಬರುತ್ತದೆ, ಏಕೆಂದರೆ ಇನ್ಸರ್ಟ್‌ನ (ಲೋಹ ಕೊರೆಯುವ ಬಿಲ್ಲೆ) ತುದಿ ಸವೆದಿದೆ. ಸವೆತ ಸರಿದೂಗಿಸಲು ಮೆಷಿನ್‌ಗೆ ಕೊಡುವ ಅಂಕಿ, ಅಂದರೆ ವೇರ್ ಆಫ್‌ಸೆಟ್‌ನಲ್ಲಿ ಮೊದಲೇ -0.06 ಇದೆ; ಇನ್ನೂ -0.04 ಸೇರಿ -0.10 ಆಗಬೇಕು. ಫ್ಯಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ -0.04 ಹಾಕಿ ‘ಪ್ಲಸ್ ಇನ್‌ಪುಟ್’ ಒತ್ತಿದರೆ ಕೂಡುತ್ತದೆ. ಬರೀ ‘ಇನ್‌ಪುಟ್’ ಒತ್ತಿದರೆ ಹಳೆಯದು ಅಳಿಸಿ -0.04 ಮಾತ್ರ ಕೂರುತ್ತದೆ, ಮುಂದಿನ ಶಾಫ್ಟ್ 25.06ಕ್ಕೆ ಬರುತ್ತದೆ. ಒಂದು ಕೀ ತಪ್ಪಿದರೆ ಟ್ರೇ ತುಂಬ ರಿಜೆಕ್ಷನ್. ಲೆಕ್ಕದಲ್ಲಿ ಚುರುಕಾದ ಹುಡುಗಿ ಇದನ್ನು ವಾರದಲ್ಲಿ ಹಿಡಿಯುತ್ತಾಳೆ, ಕಲಿಸುವವರು ಬೇಕಷ್ಟೆ. ಹಾಗಾಗಿ ಇಂಟರ್‌ವ್ಯೂನಲ್ಲೇ ಕೇಳಲಿ: ‘ಸೆಟ್ಟಿಂಗ್ ಯಾವಾಗ ಕಲಿಸುತ್ತೀರಿ? ಯಾರು ಕಲಿಸುತ್ತಾರೆ?’

ಬಳೆ, ಉಂಗುರ, ದುಪಟ್ಟಾ ಶಾಪ್‌ಫ್ಲೋರ್‌ಗೆ ಬೇಡವೇ ಬೇಡ. ಜಡೆ ಟೋಪಿಯೊಳಗಿರಲಿ. ಸ್ಪಿಂಡಲ್ (ಜಾಬ್ ತಿರುಗಿಸುವ ಭಾಗ) ತಿರುಗುವಾಗ ಕೈಗವಸೂ ಅಪಾಯ, ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಚಿಪ್ಸನ್ನು (ಕೊರೆದ ಲೋಹದ ಸಿಪ್ಪೆ) ಕೊಕ್ಕೆಯಿಂದಲೇ ತೆಗೆಯಬೇಕು, ಅದೂ ಮೆಷಿನ್ ನಿಂತ ಮೇಲೆ.

ಪ್ರಶ್ನೆ: ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದೆ. ರಾತ್ರಿ ಪಾಳಿ ಒಪ್ಪಿಕೊಳ್ಳಲೇ?
– ಡಿಪ್ಲೊಮಾ ವಿದ್ಯಾರ್ಥಿನಿ, ಹಾವೇರಿ

ಉತ್ತರ: 1948ರ ಕಾರ್ಖಾನೆ ಕಾಯ್ದೆ ಹೆಣ್ಣುಮಕ್ಕಳಿಗೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕೆಲಸ ಬೇಡ ಎನ್ನುತ್ತಿತ್ತು. ಈಗ ಅವಕಾಶವಿದೆ, ಆದರೆ ನಿಮ್ಮ ಒಪ್ಪಿಗೆ ಬೇಕು. ಸಹಿ ಹಾಕುವ ಮುನ್ನ ವಾಹನ ಮನೆ ಬಾಗಿಲಿಗೆ ಬರುತ್ತದೋ ಮುಖ್ಯರಸ್ತೆಗೆ ಮಾತ್ರವೋ ಕೇಳಿ. ಆ ಪಾಳಿಯಲ್ಲಿ ಇನ್ನೆಷ್ಟು ಜನ ಹೆಣ್ಣುಮಕ್ಕಳಿದ್ದಾರೆ ಎಂಬುದನ್ನೂ ಕೇಳಿ. ಒಬ್ಬರೇ ಆದರೆ ಬೇಡವೆನ್ನಿ.

ಶೌಚಾಲಯವನ್ನು ಮೊದಲ ದಿನವೇ ನೋಡಿಬನ್ನಿ. ನಿಮ್ಮ ಮೆಷಿನ್‌ನಿಂದ ಎಷ್ಟು ದೂರ, ನೀರು ಬರುತ್ತದೆಯೇ, ಚಿಲಕ ಸರಿಯಿದೆಯೇ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ. ಅದು ಸರಿಯಿಲ್ಲದ ಕಡೆ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟು ಮೂತ್ರದ ಸೋಂಕು ತಂದುಕೊಳ್ಳುತ್ತಾರೆ.

ಪ್ರಶ್ನೆ: ಹೆರಿಗೆಗೆ ಹೋದರೆ ಕೆಲಸ ಉಳಿಯುತ್ತದೆಯೇ?
– ಓದುಗರು, ಪೀಣ್ಯ

ಉತ್ತರ: ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ನಿಮ್ಮ ಹಕ್ಕು. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ಅರ್ಜಿಯನ್ನು ಬರಹದಲ್ಲೇ ಕೊಟ್ಟು, ಸೀಲ್ ಹಾಕಿಸಿದ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ.