ನಿಮ್ಮ ಲೇಖನದ ಅಂಚಿನಲ್ಲಿ ಹದಿನೇಳು ಸಲ ‘ಯಾರಿಗೆ?’

ನಮಸ್ಕಾರ.

ನೀವು ಕಳಿಸಿದ ‘ರಕ್ತ ಕ್ಯಾನ್ಸರ್ ಸೋತಿತು’ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ದಾವಣಗೆರೆ ಮಂಡಿಪೇಟೆಯ ನಮ್ಮ ಪತ್ರಿಕೆಯ ಆಫೀಸಿನಲ್ಲಿ, ಇನ್ನೊಂದು ಸಲ ರಾತ್ರಿ ಮನೆಯಲ್ಲಿ, ಕೆಂಪು ಪೆನ್ನು ಹಿಡಿದು. ಈಗಿರುವ ಹಾಗೆ ಇದನ್ನು ಹಾಕೋಕೆ ಆಗಲ್ಲ. ‘ಸ್ಥಳಾವಕಾಶದ ಕೊರತೆಯಿಂದ’ ಅಂತ ಒಂದು ಸಾಲು ಗೀಚಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಿಮಗೆ ಬರೆಯೋಕೆ ಬರುತ್ತದೆ, ಅದಕ್ಕೇ ಪೂರ್ತಿ ಹೇಳುತ್ತೇನೆ.

ಲೇಖನದಲ್ಲಿ ಹನ್ನೊಂದು ಹೊಸ ಔಷಧಿಗಳಿವೆ, ಆರು ‘ಆಶಾಕಿರಣ’ಗಳಿವೆ, ಒಬ್ಬರು ಸೋದರಮಾವ ಇದ್ದಾರೆ. ಔಷಧಿಗಳಿಗೆ ಒಂಬತ್ತು ಪ್ಯಾರಾ, ಮಾವನಿಗೆ ನಾಲ್ಕು ಸಾಲು. ಔಷಧಿಗಳ ಪ್ಯಾರಾಗಳ ಪಕ್ಕದಲ್ಲಿ ನಾನು ಹದಿನೇಳು ಸಲ ಒಂದೇ ಪದ ಬರೆದಿದ್ದೇನೆ. ‘ಯಾರಿಗೆ?’

‘ಹೊಸ ಚಿಕಿತ್ಸೆಯಿಂದ ರಕ್ತ ಕ್ಯಾನ್ಸರ್ ಗುಣವಾಗುತ್ತಿದೆ’ ಅಂತ ನಿಮ್ಮ ಮೊದಲ ಸಾಲು. ಯಾರಿಗೆ? ನಾಲ್ಕು ವರ್ಷದ ಮಗುವಿಗೆ ಬರುವ ಅಕ್ಯೂಟ್ (ಬೇಗ ಬೆಳೆಯುವ) ಲಿಂಫಾಯ್ಡ್ ಲ್ಯುಕೇಮಿಯಾ, ಅಂದರೆ ಎಎಲ್ಎಲ್, ಬೇರೆ. ಎಪ್ಪತ್ತರ ಅಜ್ಜನಿಗೆ ಬರುವ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಎಎಂಎಲ್, ಬೇರೆ. ಸೌಲಭ್ಯ ಚೆನ್ನಾಗಿರುವ ದೇಶಗಳಲ್ಲಿ ಎಎಲ್ಎಲ್ ಬಂದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಜನ ಐದು ವರ್ಷ ದಾಟುತ್ತಾರೆ, ಅದೂ ಎರಡು ಮೂರು ವರ್ಷ ಬಿಡದೆ ಔಷಧಿ ತಗೊಂಡು. ಅಜ್ಜನ ಲೆಕ್ಕ ಅದರ ಹತ್ತಿರಕ್ಕೂ ಬರಲ್ಲ. ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದರೆ ಮಗುವಿನ ತಾಯಿಗೆ ಸುಮ್ನೆ ಭಯ ಹುಟ್ಟಿಸಿದ ಹಾಗಾಯಿತು, ಅಜ್ಜನ ಮಗನಿಗೆ ಸುಳ್ಳು ಹೇಳಿದ ಹಾಗಾಯಿತು.

ನಾನು ಈ ತಪ್ಪು ಮಾಡಿದವನೇ. 2001ರಲ್ಲಿ ಅಮೆರಿಕದಲ್ಲಿ ಇಮ್ಯಾಟಿನಿಬ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಔಷಧಿ, ಅದರಲ್ಲಿ ಅನುಮಾನವೇ ಇಲ್ಲ. ನಾನು ಆಗ ಬೇರೊಂದು ಪತ್ರಿಕೆಯಲ್ಲಿದ್ದೆ, ‘ಬ್ಲಡ್ ಕ್ಯಾನ್ಸರಿಗೆ ಮಾತ್ರೆ ಬಂತು’ ಅಂತ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟೆ. ಹತ್ತು ದಿನ ಬಿಟ್ಟು ಜಗಳೂರು ಕಡೆಯ ರೈತರೊಬ್ಬರು ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟುಕೊಂಡು ಬಂದರು. ತಮ್ಮನಿಗೆ ರಕ್ತ ಕ್ಯಾನ್ಸರ್, ಈ ಮಾತ್ರೆ ಎಲ್ಲಿ ಸಿಗುತ್ತದೆ, ಎರಡು ಎಕರೆ ಮಾರಾಟಕ್ಕೆ ಮಾತಾಡಿದ್ದೇನೆ ಅಂದರು. ರಿಪೋರ್ಟ್ ನೋಡಿದರೆ ಅಕ್ಯೂಟ್ ಮೈಲಾಯ್ಡ್. ಆ ಮಾತ್ರೆ ಬಂದದ್ದು ನಿಧಾನಕ್ಕೆ ಬೆಳೆಯುವ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ. ‘ಕ್ರಾನಿಕ್’ ಅನ್ನುವ ಪದ ನನ್ನ ಬರಹದ ಒಳಗೆ ಎಲ್ಲೋ ಇತ್ತು, ತಲೆಬರಹದಲ್ಲಿ ಇರಲಿಲ್ಲ. ಅವರಿಗೆ ಚಹಾ ತರಿಸಿದೆ. ಅವರು ಕುಡಿಯಲಿಲ್ಲ.

ಈಗ ನಿಮ್ಮ ಮೂರನೇ ಪ್ಯಾರಾಕ್ಕೆ ಬರೋಣ. ಕಾರ್-ಟಿ ಚಿಕಿತ್ಸೆ ಬಗ್ಗೆ ಬರೆದಿದ್ದೀರಿ, ‘ಒಂದೇ ಇಂಜೆಕ್ಷನ್, ಕ್ಯಾನ್ಸರ್ ಮಾಯ, ಈಗ ಭಾರತದಲ್ಲೂ.’ ಕೇಳೋಕೆ ಜಾದೂ. ಕೆಲಸ ನಡೆಯುವ ರೀತಿ ಇನ್ನೂ ಚೆನ್ನಾಗಿದೆ, ಅದನ್ನೇ ನೀವು ಬಿಟ್ಟಿದ್ದೀರಿ. ರೋಗಿಯ ರಕ್ತದಿಂದಲೇ ಟಿ ಕಣಗಳನ್ನು, ಅಂದರೆ ರೋಗದ ಜೊತೆ ಹೋರಾಡುವ ಒಂದು ಬಗೆಯ ಬಿಳಿ ಕಣಗಳನ್ನು, ತೆಗೆಯುತ್ತಾರೆ, ಲ್ಯಾಬಿನಲ್ಲಿ ಅವಕ್ಕೆ ಹೊಸ ಜೀನ್ ಸೇರಿಸಿ ಬಿ ಕಣ ಅನ್ನುವ ಇನ್ನೊಂದು ಬಗೆಯ ಬಿಳಿ ಕಣದ ಮೇಲಿರುವ ಸಿಡಿ19 ಅನ್ನುವ ಗುರುತನ್ನು ಹಿಡಿಯುವ ಹಾಗೆ ಮಾಡುತ್ತಾರೆ, ಸಂಖ್ಯೆ ಬೆಳೆಸಿ ವಾಪಸ್ ಮೈಗೆ ಬಿಡುತ್ತಾರೆ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಅನ್ನುವ ಹುಡುಗಿಗೆ ಕೊಟ್ಟರು, ಈ ಚಿಕಿತ್ಸೆ ಪಡೆದ ಮೊದಲ ಮಗು ಅವಳು. 2017ರಲ್ಲಿ ಅಮೆರಿಕದ ಒಪ್ಪಿಗೆ ಬಂತು, ಆಗಿನ ಬೆಲೆ 4,75,000 ಡಾಲರ್. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಖರ್ಚು ಅಮೆರಿಕದ ಹತ್ತನೇ ಒಂದು ಭಾಗದಷ್ಟು ಅಂತ ಆಗ ಹೇಳಿದರು. ಹತ್ತನೇ ಒಂದು ಅಂದರೂ ಮೂವತ್ತು ಲಕ್ಷದ ಮೇಲೆ. ನಿಮ್ಮ ಲೇಖನದಲ್ಲಿ ಈ ಅಂಕಿ ಇಲ್ಲ. ದಾವಣಗೆರೆಯ ಓದುಗ ಮೊದಲು ಹುಡುಕುವುದೇ ಅದನ್ನು ಅಲ್ವಾ?

ಮತ್ತೆ, ಯಾರಿಗೆ? ಬಿ ಕಣಗಳಿಂದ ಹುಟ್ಟಿದ ಲ್ಯುಕೇಮಿಯಾ ಅಥವಾ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಅದೂ ಬೇರೆ ಚಿಕಿತ್ಸೆಗೆ ಬಗ್ಗದೆ ಇದ್ದರೆ ಅಥವಾ ಹೋಗಿ ಮರಳಿ ಬಂದರೆ. ಎಎಂಎಲ್‌ಗೆ ಇದು ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಎರಡು ಸಾಲು ಬರೆದರೆ ಓದುಗನಿಗೆ ವಿಜ್ಞಾನ ಅಂಗೈಯಲ್ಲಿಟ್ಟ ಹಾಗೆ ಆಗುತ್ತದೆ. ಸಿಡಿ19 ಇರುವ ಕಣಗಳನ್ನೆಲ್ಲ ಕೊಂದರೆ ಒಳ್ಳೆಯ ಬಿ ಕಣಗಳೂ ಹೋಗುತ್ತವೆ, ಆದರೆ ಅವು ಇಲ್ಲದೆ ಮನುಷ್ಯ ಹೇಗೋ ಬದುಕುತ್ತಾನೆ. ಎಎಂಎಲ್ ಕಣದ ಮೇಲಿನ ಗುರುತುಗಳು ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಒಳ್ಳೆಯ ಮೂಲ ಕಣಗಳ ಮೇಲೂ ಇರುತ್ತವೆ. ಕಳೆ ಕೀಳಲು ಹೋಗಿ ಪೈರನ್ನೇ ಕಿತ್ತ ಹಾಗಾಗುತ್ತದೆ.

ಎಎಂಎಲ್‌ಗೆ ವೆನೆಟೊಕ್ಲಾಕ್ಸ್ ಜೊತೆ ಅಜಾಸಿಟಿಡಿನ್ ಕೊಡುವುದನ್ನು ‘ವಯಸ್ಸಾದವರಿಗೆ ಸಂಜೀವಿನಿ’ ಅಂದಿದ್ದೀರಿ. ಇಲ್ಲಿ ಕೊನೆಗೂ ‘ಯಾರಿಗೆ’ ಇದೆ, ಸಂತೋಷ. ಆದರೆ ‘ಎಷ್ಟು’ ಇಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಠಿಣ ಕೀಮೋ ತಡೆಯಲಾರದ ರೋಗಿಗಳಲ್ಲಿ, ಅಜಾಸಿಟಿಡಿನ್ ಒಂದನ್ನೇ ಪಡೆದವರ ಮಧ್ಯಮ ಆಯಸ್ಸು 9.6 ತಿಂಗಳು, ಎರಡೂ ಪಡೆದವರದು 14.7 ತಿಂಗಳು. ಮಧ್ಯಮ ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಜನ ಕಡಿಮೆ. ಐದು ತಿಂಗಳ ವ್ಯತ್ಯಾಸ. ದುಗ್ಗಮ್ಮನ ಜಾತ್ರೆಯಿಂದ ಶ್ರಾವಣದ ತನಕ. ಮನೆಯಲ್ಲಿ ಮೊಮ್ಮಗಳ ಮದುವೆ ಇದ್ದರೆ ಅದು ದೊಡ್ಡದು, ತುಂಬಾ ದೊಡ್ಡದು. ಆದರೆ ಅದು ಸಂಜೀವಿನಿ ಅಲ್ಲ, ಐದು ತಿಂಗಳು. ಹಾಗೇ ಬರೆಯಿರಿ. ಓದುಗರು ದಡ್ಡರಲ್ಲ, ಐದು ತಿಂಗಳಿನ ಬೆಲೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮಿಡೊಸ್ಟಾರಿನ್, ಗಿಲ್ಟೆರಿಟಿನಿಬ್, ಐವೊಸಿಡೆನಿಬ್, ರೆವುಮೆನಿಬ್ ಅಂತ ಒಂದರ ಹಿಂದೆ ಒಂದು ಪೋಣಿಸಿದ್ದೀರಿ, ರೇಷನ್ ಚೀಟಿ ಓದಿದ ಹಾಗಿದೆ. ಇವೆಲ್ಲ ಒಂದೊಂದು ಜೀನ್ ದೋಷಕ್ಕೆ ಹೊಂದುವ ಬೀಗದ ಕೈಗಳು. ಮೊದಲೆರಡು ಎಫ್ಎಲ್‌ಟಿ3ಗೆ, ಮೂರನೆಯದು ಐಡಿಎಚ್1ಗೆ, 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ರೆವುಮೆನಿಬ್‌ಗೆ ಮೊದಲ ಒಪ್ಪಿಗೆ ಸಿಕ್ಕಿದ್ದು ಕೆಎಂಟಿ2ಎ ಜೀನ್ ಮುರಿದು ಜಾಗ ಬದಲಿಸಿದವರಿಗೆ. ಆ ದೋಷ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿಸದೆ ಔಷಧಿಯ ಹೆಸರು ಗೊತ್ತಿದ್ದು ಏನು ಉಪಯೋಗ? ಒಂದನ್ನು ಇಟ್ಟುಕೊಂಡು ಪರೀಕ್ಷೆ ಬಗ್ಗೆ ಬರೆಯಿರಿ, ಉಳಿದವನ್ನು ತೆಗೆಯಿರಿ. ಅಂದಹಾಗೆ, ಎಎಂಎಲ್‌ಗೆ 1973ರಿಂದ ಬಳಕೆಯಲ್ಲಿರುವ ‘ಏಳು-ಮೂರು’ ಕೀಮೋ, ಅಂದರೆ ಏಳು ದಿನ ಸೈಟರಾಬಿನ್, ಅದರಲ್ಲಿ ಮೂರು ದಿನ ಡೌನೊರುಬಿಸಿನ್, ಇನ್ನೂ ಚಾಲ್ತಿಯಲ್ಲಿದೆ. ಅದನ್ನು ‘ಹಳೇ ಕಾಲದ್ದು’ ಅಂತ ಹೀಗಳೆದಿದ್ದೀರಿ. ಇವತ್ತೂ ಎಷ್ಟೋ ವಾರ್ಡುಗಳಲ್ಲಿ ಬಾಟಲಿಯಿಂದ ಇಳಿಯುತ್ತಿರುವುದು ಅದೇ.

ಒಂದು ಸಣ್ಣ ತಕರಾರು. ಅಮೆರಿಕದ ಡಾಕ್ಟರ್ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಬಂದ ಮಕ್ಕಳಿಗೆ ಔಷಧಿ ಕೊಟ್ಟು 1948ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಬರೆದು, ಅವರಿಗೆ ಅಮಿನೊಪ್ಟೆರಿನ್ ಔಷಧಿ ಒದಗಿಸಿದ ಲೆಡರ್ಲಿ ಲ್ಯಾಬಿನ ತಂಡದ ಮುಖ್ಯಸ್ಥ ಯಲ್ಲಾಪ್ರಗಡ ಸುಬ್ಬರಾವ್ ಹೆಸರು ಬಿಟ್ಟಿದ್ದೀರಲ್ಲ! ಭೀಮವರಂನಲ್ಲಿ ಹುಟ್ಟಿದವರು, ಅದೇ 1948ರಲ್ಲಿ ತೀರಿಕೊಂಡರು. ಪಕ್ಕದ ರಾಜ್ಯದವರನ್ನು ನಾವೇ ಮರೆತರೆ ಹೇಗೆ?

ತಪ್ಪು ಅಂತ ಸುತ್ತು ಹಾಕಿದ್ದು ಒಂದಿದೆ, ಮಜ್ಜೆ ಕಸಿ ಬಗ್ಗೆ. ‘ದಾನಿಯ ಬೆನ್ನುಮೂಳೆಯಿಂದ ಮಜ್ಜೆ ತೆಗೆಯುತ್ತಾರೆ’ ಅಂದಿದ್ದೀರಿ. ಇಲ್ಲ. ಸೊಂಟದ ಹಿಂಭಾಗದ ಮೂಳೆಯಿಂದ, ಅರಿವಳಿಕೆ ಕೊಟ್ಟು. ಈಗ ಹೆಚ್ಚಾಗಿ ಅದೂ ಅಲ್ಲ, ಕೆಲವು ದಿನ ಇಂಜೆಕ್ಷನ್ ಕೊಟ್ಟು ಮೂಲ ಕಣಗಳು ರಕ್ತಕ್ಕೆ ಇಳಿದ ಮೇಲೆ ತೋಳಿನ ರಕ್ತನಾಳದಿಂದಲೇ ಯಂತ್ರಕ್ಕೆ ಹರಿಸಿ ಬೇರ್ಪಡಿಸುತ್ತಾರೆ. ನಿಮ್ಮ ಆ ಒಂದು ಸಾಲು ಓದಿ ಒಬ್ಬ ಅಣ್ಣನೋ ತಂಗಿಯೋ ‘ಬೆನ್ನು ಹೋದೀತು’ ಅಂತ ಹಿಂದೆ ಸರಿದರೆ? ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆಯೇ ನಾಲ್ಕರಲ್ಲಿ ಒಂದು. ಅರ್ಧ ಹೊಂದುವ ಅಪ್ಪ, ಅಮ್ಮ, ಮಕ್ಕಳಿಂದಲೂ ಈಗ ಕಸಿ ಮಾಡುತ್ತಾರೆ ಅನ್ನುವುದು ನಿಜವಾದ ಹೊಸ ಸುದ್ದಿ, ಅದು ನಿಮ್ಮ ಲೇಖನದಲ್ಲೇ ಇಲ್ಲ.

ಎಂಡಿಎಸ್, ಅಂದರೆ ಮೈಲೊಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಬಗ್ಗೆ ‘ಕ್ಯಾನ್ಸರಿನ ಮುನ್ಸೂಚನೆ’ ಅಂತ ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಿ. ಮಜ್ಜೆ ಕಣಗಳನ್ನು ಹುಟ್ಟಿಸುತ್ತದೆ, ಆದರೆ ಸೊಟ್ಟಸೊಟ್ಟ ಹುಟ್ಟಿಸುತ್ತದೆ, ಅವು ಹೊರಗೆ ಬರುವ ಮೊದಲೇ ಸಾಯುತ್ತವೆ. ಕೆಲವರಿಗೆ ಅದು ಎಎಂಎಲ್‌ಗೆ ತಿರುಗುತ್ತದೆ, ಎಲ್ಲರಿಗೂ ಅಲ್ಲ. 15 ದಿನಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಊರಿಂದ ಬಸ್ ಹತ್ತುವ ಅಜ್ಜಿಯನ್ನು ನೆನೆಸಿಕೊಳ್ಳಿ. ಒಂದೊಂದು ಬಾಟ್ಲಿ ರಕ್ತದಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರಿ ಲಿವರ್, ಹೃದಯಗಳಲ್ಲಿ ಕೂರುತ್ತದೆ. 2020ರಲ್ಲಿ ಎಂಡಿಎಸ್‌ಗೆ ಬಂದ ಲಸ್ಪಟರ್ಸೆಪ್ಟ್, 2024ರ ಇಮೆಟೆಲ್‌ಸ್ಟ್ಯಾಟ್ ಇವುಗಳ ಮುಖ್ಯ ಉಪಯೋಗವೇ ಕೆಲವು ರೋಗಿಗಳಲ್ಲಿ ಈ ಬಾಟ್ಲಿಗಳನ್ನು ಕಡಿಮೆ ಮಾಡುವುದು. ತಪ್ಪಿದ ಬಸ್ ಪ್ರಯಾಣವೂ ಚಿಕಿತ್ಸೆಯ ಫಲವೇ.

ಈಗ ಮಾವ. ತಮ್ಮಾ, ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು.

ನೀವು ಪಿ.ಜೆ. ಬಡಾವಣೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ವಸಡಲ್ಲಿ ರಕ್ತ, ತೊಡೆ ಮೇಲೆ ನೀಲಿ ಕಲೆ ಅಂತ ಬಂದ ಸ್ವಂತ ಸೋದರಮಾವನ ಸ್ಲೈಡನ್ನು ನೀವೇ ಮೈಕ್ರೋಸ್ಕೋಪಿನ ಕೆಳಗಿಟ್ಟಿರಿ. ಕಣದೊಳಗೆ ಕಟ್ಟಿಗೆ ಹೊರೆಯ ಹಾಗೆ ಸೂಜಿಗಳ ಕಟ್ಟು ಕಂಡಿತು. ಅದು ಏನು ಅಂತ ನಿಮಗೆ ಗೊತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದಿರಿ. ಜೀನ್ ರಿಪೋರ್ಟ್ ಬೆಂಗಳೂರಿಂದ ಬರುವ ಮೊದಲೇ ಅವರು ಅವತ್ತು ಸಂಜೆಯೇ ಕ್ಯಾಪ್ಸೂಲ್ ಶುರು ಮಾಡಿದರು. ಇದನ್ನೆಲ್ಲ ನಾಲ್ಕು ಸಾಲಲ್ಲಿ ಮುಗಿಸಿ ‘ಹೀಗೆ ಮಾವ ಬದುಕಿದರು, ಆದರೆ ಇದು ಹಳೆಯ ಚಿಕಿತ್ಸೆ’ ಅಂತ ಕಾರ್-ಟಿಗೆ ಹಾರಿದ್ದೀರಿ!

ಆ ಹಳೆಯ ಚಿಕಿತ್ಸೆ ಏನು ಗೊತ್ತಾ? ಮಾವನಿಗೆ ಬಂದದ್ದು ಎಪಿಎಲ್, ಅಂದರೆ ಅಕ್ಯೂಟ್ ಪ್ರೊಮೈಲೊಸಿಟಿಕ್ ಲ್ಯುಕೇಮಿಯಾ. ಅದು ಒಂದು ಕಾಲಕ್ಕೆ ಲ್ಯುಕೇಮಿಯಾಗಳಲ್ಲೇ ಬೇಗ ಕೊಲ್ಲುವುದಾಗಿತ್ತು, ದಿನಗಳಲ್ಲಿ, ಮೆದುಳಲ್ಲೋ ಶ್ವಾಸಕೋಶದಲ್ಲೋ ರಕ್ತ ಸೋರಿ. 15 ಮತ್ತು 17ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಕಣಗಳು ಬಲಿಯದೆ ಎಳಸಾಗಿಯೇ ನಿಂತುಬಿಡುತ್ತವೆ. ಶಾಂಘೈಯಲ್ಲಿ ವಾಂಗ್ ಝೆನ್‌ಯಿ ತಂಡ 1985ರಲ್ಲಿ ಐದು ವರ್ಷದ ಹುಡುಗಿಗೆ ಎಟಿಆರ್‌ಎ ಕೊಟ್ಟಿತು, ಅದು ವಿಟಮಿನ್ ಎ ಯಿಂದ ಬಂದ ವಸ್ತು, ಮಾವನ ಕ್ಯಾಪ್ಸೂಲ್ ಅದೇ. ಅದು ಕಣವನ್ನು ಕೊಲ್ಲುವುದಿಲ್ಲ, ಬಲಿಯುವ ಹಾಗೆ ಮಾಡುತ್ತದೆ. 1988ರಲ್ಲಿ 24 ರೋಗಿಗಳ ವರದಿ ಬಂತು. ಇನ್ನೊಂದು ಕಡೆ ಚೀನಾದ್ದೇ ಹಾರ್ಬಿನ್‌ನಲ್ಲಿ 1970ರ ದಶಕದಿಂದಲೇ ಆರ್ಸೆನಿಕ್ ಪ್ರಯೋಗ ನಡೆದಿತ್ತು. ಆರ್ಸೆನಿಕ್ ಟ್ರೈಆಕ್ಸೈಡ್ ಅಂದರೆ ನಮ್ಮ ಪಾಷಾಣ, ‘ಇಲಿ ಪಾಷಾಣ’ ಅನ್ನುತ್ತಿದ್ದೆವಲ್ಲ, ಅದೇ ಪಾಷಾಣ. ನಮ್ಮ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಆರ್ಸೆನಿಕ್ ಒಂದರಿಂದಲೇ ಹೊಸ ರೋಗಿಗಳು ಚೇತರಿಸಿಕೊಂಡದ್ದನ್ನು 2006ರಲ್ಲಿ ಪ್ರಕಟಿಸಿದರು. 2013ರಲ್ಲಿ ಇಟಲಿ, ಜರ್ಮನಿಯವರ ಅಧ್ಯಯನ ಬಂತು. ಬಿಳಿ ಕಣ ತೀರಾ ಏರಿರದ ರೋಗಿಗಳಲ್ಲಿ ಎಟಿಆರ್‌ಎ ಜೊತೆ ಆರ್ಸೆನಿಕ್ ಪಡೆದವರಲ್ಲಿ 97% ಜನ ರೋಗ ಬಗ್ಗಿ, ಅದು ಮರಳದೆ, ಜೀವಂತವಾಗಿ ಎರಡು ವರ್ಷ ಕಳೆದರು. ಎಟಿಆರ್‌ಎ ಜೊತೆ ಕೀಮೋ ಪಡೆದವರಲ್ಲಿ 86%. ನಿಮ್ಮ ಹನ್ನೊಂದು ಹೊಸ ಔಷಧಿಗಳಲ್ಲಿ ಯಾವುದಕ್ಕಿದೆ ಇಂಥ ಲೆಕ್ಕ?

ಪಾಷಾಣದ ಮಾತು ಬಂದಾಗ ಹುಷಾರು. ಇದು ಆಸ್ಪತ್ರೆಯಲ್ಲಿ, ಇಸಿಜಿ ನೋಡುತ್ತಾ, ಅಳತೆ ಹಾಕಿ ರಕ್ತನಾಳಕ್ಕೆ ಕೊಡುವ ಔಷಧಿ ಅಂತ ಅದೇ ಉಸಿರಲ್ಲಿ ಬರೆಯಬೇಕು. ಇಲ್ಲದಿದ್ದರೆ ನಾಳೆ ಯಾರೋ ಪುಡಿ ಕಟ್ಟಿಕೊಂಡು ಸಂತೆಗೆ ಬರುತ್ತಾರೆ. ಇನ್ನೊಂದು, ಎಪಿಎಲ್ ಅನುಮಾನ ಬಂದ ದಿನವೇ ಎಟಿಆರ್‌ಎ ಶುರುವಾಗಬೇಕು, ರಿಪೋರ್ಟಿಗೆ ಕಾಯುವಂತಿಲ್ಲ, ಯಾಕೆಂದರೆ ಸಾವು ಹೆಚ್ಚು ಆಗುವುದು ಮೊದಲ ದಿನಗಳಲ್ಲೇ. ಈ ಊರಿನ ಓದುಗನಿಗೆ ನಿಮ್ಮಿಂದ ಸಿಗಬಹುದಾದ ಅತಿ ಉಪಯೋಗದ ಸಾಲು ಇದು. ನೀವು ಅದನ್ನು ಕಣ್ಣಾರೆ ಕಂಡವರು.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. ‘ರುಧಿರಾರ್ಬುದ’ ಬೇಡ. ವಾರ್ಡಿನಲ್ಲಿ ಜನ ‘ಕೌಂಟ್ ಬಿದ್ದಿದೆ’, ‘ಎರಡು ಬಾಟ್ಲಿ ರಕ್ತ ಏರಿಸಿದರು’ ಅಂತಾರೆ, ಹಾಗೇ ಬರೆಯಿರಿ. ‘ಮಹಾಮಾರಿ’, ‘ಯಮಪಾಶ’ ಎರಡನ್ನೂ ನಾನೇ ಹೊಡೆದು ಹಾಕಿದ್ದೇನೆ.

ಮುಂದಿನ ಅಮಾವಾಸ್ಯೆ ಒಳಗೆ 1,200 ಪದಗಳಲ್ಲಿ ಮತ್ತೆ ಕಳಿಸಿ. ಸ್ಲೈಡಿನಿಂದ ಹಿಡಿದು ಮಾವ ಮನೆಗೆ ಬಂದ ದಿನದವರೆಗೆ ಸಾಕು, ವಿಜ್ಞಾನ ಅದರೊಳಗೇ ಬರಲಿ. ಮೊದಲು ಮಾವನ ಒಪ್ಪಿಗೆ ಕೇಳಿ, ಅವರು ಬೇಡ ಅಂದರೆ ಬೇಡ. ಪ್ಲೇಟ್ಲೆಟ್ ಬೇಕಾದ ರಾತ್ರಿ ಮಂಡಕ್ಕಿ ಭಟ್ಟಿಯ ಹುಡುಗರು ಮೂವರು ಬಂದರು ಅಂತ ಒಂದು ಕಡೆ ಬರೆದಿದ್ದೀರಿ. ಪ್ಲೇಟ್ಲೆಟ್ ಐದೇ ದಿನ ಉಳಿಯುತ್ತದೆ, ಅದನ್ನು ಫ್ರಿಜ್‌ನಲ್ಲಿಡದೆ ಅಲ್ಲಾಡಿಸುತ್ತಲೇ ಇಡಬೇಕು, ಅದಕ್ಕೇ ಆ ಹೊತ್ತಿಗೆ ಆ ಹುಡುಗರೇ ಬೇಕಾಯಿತು ಅನ್ನುವುದು ಬರಲಿ. ಒಬ್ಬನನ್ನು ವಾಪಸ್ ಕಳಿಸಿದರು ಅಂದಿದ್ದೀರಿ. ಯಾಕೆ ಕಳಿಸಿದರು? ಅವನು ಆಮೇಲೆ ಮನೆಗೆ ಹೋದನಾ, ಹೊರಗೆ ಬೆಂಚಿನ ಮೇಲೆ ಕೂತಿದ್ದನಾ? ವಿಚಾರಿಸಿ ಬರೆಯಿರಿ.